ಒಕ್ಕಣ್ಣನಿಗೊಂದು ನೆರಳು

ಬೆಳಗ್ಗೆ ಎದ್ದ ಕೂಡಲೇ ಫೆಲ್ಸಿಗೆ ಎರಡು ಮುಖ ನೋಡುವ ಕೆಲಸವಿತ್ತು. ಮೊದಲನೆಯದು ಗಂಡ ಜೋಕಿಮನದು. ಮೂಗಿನ ಎರಡೂ ಬದಿಗೆ ಕೆನ್ನೆಯ ಮೇಲೆ ಎದ್ದಿದ್ದ ಕೆಂಪು ರಾತ್ರಿ ಕಳೆಯುವಷ್ಟರಲ್ಲಿ ಒಂಚೂರಾದರೂ ಇಳಿದಿದೆಯೋ ಎಂದು ನೋಡಬೇಕಿತ್ತು. ಎರಡನೆಯದು ತಾರಸಿಯ ಮೇಲಿದ್ದ ಒಕ್ಕಣ್ಣನದು. ಅದರ ಮೇಲೆ ಕೂತ ಧೂಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸಬೇಕಿತ್ತು. ಎರಡನೆಯ ಕೆಲಸಕ್ಕೆ ಕಂಪೆನಿ ಸಂಬಳ ಕೊಡುತ್ತಿತ್ತು. ಮೊದಲನೆಯದಕ್ಕೆ ಸಿಗುತ್ತಿದ್ದದ್ದು ಬೈಗುಳ. "ನನ್ನ ಮುಖ ಏನು ಇವತ್ತು ಹೊಸತಾ?" ಎಂದು ಜೋಕಿಮ್ ಗೋಡೆಗೆ ತಿರುಗಿ ಮಲಗುತ್ತಿದ್ದ.

ಹಿಂದಿನ ವರ್ಷ ರಜೆಗೆ ಊರಿಗೆ ಹೋದಾಗ ಮಂಗಳೂರಿನ ಡಾಕ್ಟರು ಆ ಕೆಂಪಿಗೆ ಲೂಪಸ್ ಎಂದು ಹೆಸರು ಹೇಳಿದ್ದರು. ಮೈ ತನ್ನನ್ನು ತಾನೇ ತಿನ್ನಲು ಹೊರಡುವ ಕಾಯಿಲೆ. ಬಿಸಿಲು ತಾಗಿದರೆ ಅದಕ್ಕೆ ಹಬ್ಬ. "ಬಿಸಿಲಿಗೆ ಮಾತ್ರ ಹೋಗ್ಲೇಬೇಡಿ. ಕಾಲು ಊದಿದ್ರೆ ಒಂದು ದಿನವೂ ಕಾಯದೆ ಬನ್ನಿ, ಅದು ಕಿಡ್ನಿಗೆ ಇಳಿದ ಲಕ್ಷಣ. ಅಂದ ಹಾಗೆ ಕೆಲಸ ಎಲ್ಲಿ?" ಎಂದು ಕೇಳಿದ್ದರು. ಜೋಕಿಮ್ "ಕುವೈತ್" ಎಂದ. ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿದರು. ಅವರಾದರೂ ಏನು ಹೇಳಿಯಾರು?

ಜೋಕಿಮ್ ಶುಐಬಾದ ಒಂದು ದೊಡ್ಡ ಕಾರ್ಖಾನೆಯಲ್ಲಿ ಗುತ್ತಿಗೆ ಕಂಪೆನಿಯ ಫೋರ್‌ಮನ್. ಕಬ್ಬಿಣದ ಪೈಪು, ಹಲಗೆ ಸೇರಿಸಿ ಟ್ಯಾಂಕುಗಳ ಸುತ್ತ ಅಟ್ಟ ಕಟ್ಟಿಸುವ ಕೆಲಸ. ಬೆಳಗ್ಗೆ ಆರರಿಂದ ಮಧ್ಯಾಹ್ನ ಮೂರರವರೆಗೆ ತಲೆಯ ಮೇಲೆ ಆಕಾಶವೇ ಮಾಡು. ನಡುಮಧ್ಯಾಹ್ನ ಹೊರಗೆ ದುಡಿಸಬಾರದೆಂಬ ನಿಯಮ ಆ ವರ್ಷ, ಅಂದರೆ ತೊಂಬತ್ತೊಂಬತ್ತರಲ್ಲಿ, ಇನ್ನೂ ಬಂದಿರಲಿಲ್ಲ. ಕಾಯಿಲೆಯ ಸಂಗತಿಯನ್ನು ಕಂಪೆನಿಯ ಡಾಕ್ಟರಿಗೆ ಹೇಳಿದರೆ ಅವರು 'ಅನ್‌ಫಿಟ್' ಎಂದು ಬರೆಯುತ್ತಾರೆ. ಬರೆದ ವಾರದಲ್ಲಿ ಇಕಾಮಾ, ಅಂದರೆ ವಾಸದ ಪರವಾನಗಿ, ರದ್ದು, ಕೈಗೆ ಟಿಕೆಟು. ಮಗಳು ಜಾನಿಸ್ ಆಗಷ್ಟೇ ನರ್ಸಿಂಗಿಗೆ ಸೇರಿದ್ದಳು. ನಲವತ್ತೆಂಟರ ಪ್ರಾಯದ ಅಟ್ಟ ಕಟ್ಟುವವನಿಗೆ ಊರಿನಲ್ಲಿ ಯಾರೂ ಕುರ್ಚಿ ಹಾಕಿಟ್ಟು ಕಾಯುತ್ತಿರಲಿಲ್ಲ. ಹಾಗಾಗಿ ಗಂಡ ಹೆಂಡತಿ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು, ಊರಿನಿಂದ ತಂದ ಮಾತ್ರೆಯ ಡಬ್ಬಿಯನ್ನು ಸಕ್ಕರೆ ಡಬ್ಬಿಯ ಹಿಂದೆ ಇಟ್ಟುಕೊಂಡು ದಿನ ದೂಡುತ್ತಿದ್ದರು.

ಅಷ್ಟರಲ್ಲಿ ಒಕ್ಕಣ್ಣ ಬಂತು.

ಅದೊಂದು ಬಿಳಿಯ ಡಬ್ಬಿ, ನೆತ್ತಿಯ ಮೇಲೆ ಮಗುಚಿಟ್ಟ ಲೋಟದಂಥ ಸ್ಫಟಿಕದ ಗುಮ್ಮಟ. ಬಂದದ್ದು ದೂರದ ಫಿನ್ಲೆಂಡಿನಿಂದ. ನೆಲಕ್ಕೆ ಬೀಳುವ ನೇರಳಾತೀತ ಕಿರಣ ಎಷ್ಟು, ಮೇಲಿನ ಓಝೋನ್ ಪದರ ಎಷ್ಟು ದಪ್ಪ ಎಂದು ಅದು ಹಗಲಿಡೀ ಅಳೆಯುತ್ತಿತ್ತು. ಅಲ್ಲಿನ ಸಂಸ್ಥೆಯೊಂದು ತನ್ನ ಯಂತ್ರ ಮರುಭೂಮಿಯಲ್ಲಿ ಹೇಗೆ ಬಾಳುತ್ತದೆಂದು ನೋಡಲು ಒಂದು ಬೇಸಿಗೆಯ ಮಟ್ಟಿಗೆ ಕಳಿಸಿತ್ತು. ಇಳಿಸಿಕೊಂಡದ್ದು ಕುವೈತಿನ ರಾಯ್‌ನಲ್ಲಿ ಆಫೀಸಿದ್ದ, ಗಾಳಿ ನೀರು ಪರೀಕ್ಷೆ ಮಾಡಿಕೊಡುವ ಒಂದು ಸಣ್ಣ ಕಂಪೆನಿ. ಫೆಲ್ಸಿ ಆ ಕಂಪೆನಿಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಅವಳಿದ್ದ ಮಹಬೂಲಾದ ಕಟ್ಟಡದ ಸುತ್ತ ಎತ್ತರದ್ದೇನೂ ಇರಲಿಲ್ಲ, ಶುಐಬಾವೂ ಹತ್ತಿರ. ಯಂತ್ರವನ್ನು ಆ ತಾರಸಿಯ ಮೇಲೇ ಕೂರಿಸಿದರು.

ಫೆಲ್ಸಿಗೆ ಅದರ ಮೇಲೆ ಅಷ್ಟು ಅಕ್ಕರೆ ಬಂದದ್ದಕ್ಕೆ ಬೇರೆಯೇ ಕಾರಣವಿತ್ತು. ಜೋಕಿಮ್ ದುಡಿಯುತ್ತಿದ್ದ ಕಾರ್ಖಾನೆಯ ಸುರಕ್ಷತಾ ವಿಭಾಗವೇ ಇವರ ಕಂಪೆನಿಗೆ ಒಂದು ಕೆಲಸ ಒಪ್ಪಿಸಿತ್ತು. ಜೂನ್, ಜುಲೈ, ಆಗಸ್ಟ್ ಬಿಸಿಲು ಅಳೆದು ವರದಿ ಕೊಡಿ; ಮಧ್ಯಾಹ್ನದ ಕಿರಣ ಮಿತಿ ಮೀರಿದ್ದು ಗೊತ್ತಾದರೆ ಹೊರಗಿನ ಗ್ಯಾಂಗುಗಳ ಪಾಳಿಯನ್ನು ನಸುಕಿಗೆ ಬದಲಾಯಿಸುತ್ತೇವೆ, ಹತ್ತು ಗಂಟೆಗೆ ಎಲ್ಲರೂ ಒಳಗೆ. ಬಿಸಿಲಿನ ಉರಿಗೆ ಒಂದು ಅಂಕೆ ಇದೆ. ಎರಡು ಮೂರಾದರೆ ಪರವಾಗಿಲ್ಲ, ಎಂಟು ದಾಟಿದರೆ ಹೊರಗೆ ಬರಬೇಡಿ, ಹನ್ನೊಂದಾದರೆ ದೇವರೇ ಗತಿ. ಕುವೈತಿನ ಜುಲೈಗೆ ಹನ್ನೊಂದು ಬಾರದೆ ಇನ್ನೆಲ್ಲಿ ಬಂದೀತು? ಜೋಕಿಮ್ ಡಾಕ್ಟರ ಚೀಟಿ ತೋರಿಸಬೇಕಿಲ್ಲ, ಯಾರ ಕಾಲೂ ಹಿಡಿಯಬೇಕಿಲ್ಲ. ಎಲ್ಲರ ಜೊತೆಗೆ ಅವನೂ ನೆರಳಿಗೆ ಬರುತ್ತಾನೆ. ಫೆಲ್ಸಿ ಆ ಗುಮ್ಮಟವನ್ನು ಪ್ರತಿ ಬೆಳಗ್ಗೆ ಇಗರ್ಜಿಯ ಪಾತ್ರೆಯ ಹಾಗೆ ಒರೆಸಿದಳು.

ಒಕ್ಕಣ್ಣ ಎಂದು ಹೆಸರಿಟ್ಟವರು ಬಾವಾಕುಂಞಿ, ಆ ಕಟ್ಟಡದ ಹಾರಿಸ್. ಹಾರಿಸ್ ಎಂದರೆ ಕಾವಲುಗಾರ, ಗುಡಿಸುವವ, ನಲ್ಲಿ ರಿಪೇರಿಯವ, ಎಲ್ಲವೂ. ಉಳ್ಳಾಲದ ಕಡೆಯ ಬ್ಯಾರಿ, ಅರವತ್ತು ದಾಟಿದ ಜೀವ. ಅವರದು ಒಂದು ಹುಚ್ಚು, ಕಂಡದ್ದಕ್ಕೆಲ್ಲ ನೆರಳು ಮಾಡುವುದು. ನೀರಿನ ಟ್ಯಾಂಕಿಗೆ ತಗಡು, ಎ.ಸಿ. ಯಂತ್ರಗಳಿಗೆ ಖರ್ಜೂರದ ಗರಿಯ ಚಾಪೆ, ಬಾಡಿಗೆದಾರರ ಕಾರಿನ ಸ್ಟೇರಿಂಗಿಗೆ ಹಳೆಯ ಟವೆಲು. ಬೆಕ್ಕುಗಳಿಗೂ ಮೆಟ್ಟಿಲ ಕೆಳಗೆ ಗೋಣಿ ಕಟ್ಟಿದ್ದರು.

ಯಂತ್ರ ಕೂರಿಸಿದ ದಿನ ಫೆಲ್ಸಿ ನಗುತ್ತಾ ಹೇಳಿದ್ದಳು, "ಬಾವಾಕ, ನಮ್ಮ ನಿಮ್ಮ ಜೀವಕ್ಕಿಂತ ಇದಕ್ಕೆ ಕ್ರಯ ಜಾಸ್ತಿ. ಮಗುವಿನ ಹಾಗೆ ನೋಡ್ಕೊಳ್ಳಿ, ಆಯ್ತಾ?"

"ನೀವು ಬೇಜಾರು ಮಾಡ್ಬೇಡಿ ಬಾಯಮ್ಮ. ನಾನಿಲ್ವಾ?" ಎಂದಿದ್ದರು ಬಾವಾಕುಂಞಿ.

ಜೂನ್ ಕೊನೆಗೆ ಮೊದಲ ತಿಂಗಳ ಅಂಕೆಗಳು ಬಂದಾಗ ಫೆಲ್ಸಿ ಎರಡೆರಡು ಸಲ ಕಣ್ಣುಜ್ಜಿಕೊಂಡಳು. ಬೆಳಗ್ಗೆ ಹತ್ತರ ಹೊತ್ತಿಗೆ ಏಳು, ಎಂಟು ಎಂದು ಏರುತ್ತಿದ್ದ ಗೆರೆ ಹನ್ನೊಂದಾದೊಡನೆ ದೊಪ್ಪನೆ ಬಿದ್ದು ಎರಡು ಮೂರರಲ್ಲಿ ತೆವಳುತ್ತಿತ್ತು. ಗುಮ್ಮಟಕ್ಕೆ ಧೂಳು ಕೂತಿರಬೇಕೆಂದು ಇನ್ನಷ್ಟು ಒರೆಸಿದಳು. ಜುಲೈಯೂ ಅದೇ ಹಾಡು. ವರದಿ ಬರೆಯಬೇಕಿದ್ದ ಇಂಜಿನಿಯರ್ ಶ್ಯಾಮಸುಂದರ್ ಬಳಿ ಕಾಗದ ಹಿಡಿದುಕೊಂಡು ಹೋದಳು. ಆತ ಮೈಸೂರಿನವರು, ಗಟ್ಟಿಯಾಗಿ ಮಾತಾಡಿ ಗೊತ್ತಿಲ್ಲದ ಸಭ್ಯ ಮನುಷ್ಯ.

"ನಂಗೂ ಆಶ್ಚರ್ಯ ಆಯ್ತು ಫೆಲ್ಸಿಯವ್ರೇ. ಆದ್ರೆ ನೋಡಿ, ಹನ್ನೊಂದಕ್ಕೆಲ್ಲ ಗಾಳಿ ಏಳುತ್ತೆ, ಧೂಳು ಮೇಲೇಳುತ್ತೆ. ಧೂಳೇ ಕಿರಣ ತಡೀತಿರಬೇಕು. ಮೆಷಿನ್ ಹೊಸದು, ಸುಳ್ಳು ಹೇಳುತ್ತಾ?"

ಫೆಲ್ಸಿಯೂ ನಂಬಿದಳು. ಕಲಿತವರು ಹೇಳಿದ್ದನ್ನು, ಅದರಲ್ಲೂ ಗ್ರಾಫ್ ಹಾಕಿ ತೋರಿಸಿದ್ದನ್ನು, ನಂಬುವುದು ಅವಳ ಕಸುಬೇ ಆಗಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ ಆ ನಂಬಿಕೆಯನ್ನು ಮನೆಗೂ ತಂದಳು. ಜೋಕಿಮನ ಕೆನ್ನೆಯ ಕೆಂಪು ಕಿವಿಯವರೆಗೆ ಹಬ್ಬಿತ್ತು, ಸಂಜೆಯಾದರೆ ಗಂಟುಗಳೆಲ್ಲ ನೋವು, ಮೈ ಬೆಚ್ಚಗೆ. ಅವಳು ಮಾತ್ರೆ ಡಬ್ಬಿ ಕುಲುಕಿ ನೋಡಿ ರೇಗಿದಳು. "ಬಿಸಿಲು ಅಷ್ಟೇನೂ ಇಲ್ಲ, ನಾವೇ ಅಳೆದಿದ್ದೇವೆ. ನೀವೇ ಮಾತ್ರೆ ಸರಿಯಾಗಿ ತಗೊಳ್ತಾ ಇಲ್ಲ. ನನ್ನ ಹತ್ರ ಸುಳ್ಳು ಹೇಳ್ಬೇಡಿ!"

ಜೋಕಿಮ್ ತಟ್ಟೆಯಿಂದ ತಲೆ ಎತ್ತಿದ. "ಒಂದು ದಿನ ನನ್ನ ಜೊತೆ ಟ್ಯಾಂಕಿನ ಮೇಲೆ ಬಾ. ನಿನ್ನ ಮೆಷಿನ್ನೂ ತಗೊಂಡು ಬಾ" ಎಂದನಷ್ಟೆ.

ಸೆಪ್ಟೆಂಬರ್ ಮೊದಲ ವಾರ ವರದಿ ಹೋಯಿತು. ಧೂಳಿನ ಕಾರಣ ಮಧ್ಯಾಹ್ನದ ಕಿರಣ ಮಿತಿಯೊಳಗಿದೆ, ಪಾಳಿ ಬದಲಿಸುವ ಅಗತ್ಯ ಕಾಣುವುದಿಲ್ಲ. ಕಾರ್ಖಾನೆಯವರು ಒಂದೇ ವಾರದಲ್ಲಿ ಒಪ್ಪಿಕೊಂಡರು. ಇಂಥ ವರದಿಯನ್ನು ಒಪ್ಪಿಕೊಳ್ಳಲು ಯಾರಿಗೆ ಕಷ್ಟ?

ಆಮೇಲೆ ಫಿನ್ಲೆಂಡಿನಿಂದ ಹೆಲ್ವಿಯ ಈಮೇಲ್ ಬಂತು. ಹೆಲ್ವಿ ಆ ಯಂತ್ರದ ಅಂಕೆಗಳನ್ನು ನೋಡಿಕೊಳ್ಳುವ ವಿಜ್ಞಾನಿ. ಫೆಲ್ಸಿ ಅವಳನ್ನು ಕಂಡಿರಲಿಲ್ಲ, ಆದರೆ ಕಾಗದದಲ್ಲೇ ಇಷ್ಟವಾಗಿದ್ದಳು. ತನ್ನ ಊರಿನಲ್ಲಿ ಹಿಮ ಕರಗುವ ಮುನ್ನ ಓಝೋನ್ ತೆಳುವಾಗಿ ಬಿಸಿಲಿನ ಅಂಕೆ ಮೂರು ಮುಟ್ಟಿದರೆ ಸಾಕು, ಮಕ್ಕಳಿಗೆ ಕಪ್ಪು ಕನ್ನಡಕ ಹಾಕಿ ಎಂದು ರೇಡಿಯೋದಲ್ಲಿ ಹೇಳುತ್ತಾರೆಂದು ಒಮ್ಮೆ ಬರೆದಿದ್ದಳು. ಮೂರಕ್ಕೇ ಇಷ್ಟು ಗಲಾಟೆಯಾ ಎಂದು ಫೆಲ್ಸಿಗೆ ನಗು ಬಂದಿತ್ತು. ಈ ಸಲ ಹೆಲ್ವಿ ಬರೆದದ್ದು ಹೀಗೆ: ಮೂರು ತಿಂಗಳ ಅಂಕೆಗಳನ್ನು ಒಟ್ಟಿಗೆ ಇಟ್ಟು ನೋಡಿದೆ. ಅವುಗಳ ಪ್ರಕಾರ ನಿಮ್ಮ ಊರಿನ ಮೇಲೆ ದಿನಾ ಹನ್ನೊಂದು ಗಂಟೆಗೆ ಓಝೋನ್ ಪದರ ಕಂಬಳಿಯಂತೆ ದಪ್ಪವಾಗುತ್ತದೆ, ಮೂರೂವರೆ ಹೊತ್ತಿಗೆ ಮತ್ತೆ ಮೊದಲಿನಂತೆ. ಓಝೋನಿಗೆ ಗಡಿಯಾರ ನೋಡಲು ಬರುವುದಿಲ್ಲ. ದಯವಿಟ್ಟು ಮಧ್ಯಾಹ್ನ ಒಮ್ಮೆ ಯಂತ್ರದ ಬಳಿ ಹೋಗಿ ನೋಡುವಿರಾ?

ಮಧ್ಯಾಹ್ನ! ನಡುಮಧ್ಯಾಹ್ನದ ಬಿಸಿಲು ಅಳೆಯಲು ಹೊರಟ ಇಷ್ಟು ಜನರಲ್ಲಿ ಒಬ್ಬರೂ ಒಂದು ದಿನವೂ ಆ ಹೊತ್ತಿಗೆ ತಾರಸಿ ಹತ್ತಿರಲಿಲ್ಲ. ಅವಳು ಏಳಕ್ಕೆ ಗುಮ್ಮಟ ಒರೆಸಿ ಆಫೀಸಿನ ವ್ಯಾನು ಹತ್ತುವವಳು. ವಾರದ ರಜೆಯಾದ ಶುಕ್ರವಾರ ಅಹಮದಿಯ ಇಗರ್ಜಿಯಲ್ಲಿ ಪೂಜೆ, ಬಂದು ಊಟ, ಪರದೆ ಎಳೆದು ನಿದ್ದೆ. ಬೇಸಿಗೆಯಲ್ಲಿ ಮಧ್ಯಾಹ್ನ ತಾರಸಿಗೆ ಹೋಗುವವರನ್ನು ಆ ಊರಿನಲ್ಲಿ ಹುಚ್ಚರೆನ್ನುತ್ತಿದ್ದರು. ಅವಳು ತಲೆನೋವೆಂದು ರಜೆ ಹಾಕಿ ಟ್ಯಾಕ್ಸಿ ಹಿಡಿದು ಮಹಬೂಲಾಕ್ಕೆ ಬಂದಳು.

ತಾರಸಿಯ ಬಾಗಿಲಿನ ಹಿಡಿ ಕೈ ಸುಟ್ಟಿತು. ಸೆರಗಿನಿಂದ ಹಿಡಿದು ತೆಗೆದಳು. ಎದುರಿಗೆ, ಮರಳು ತುಂಬಿದ ನಾಲ್ಕು ತುಪ್ಪದ ಡಬ್ಬಿಗಳು. ಡಬ್ಬಿಗಳಲ್ಲಿ ನೆಟ್ಟ ನಾಲ್ಕು ಪರದೆಯ ಸರಳುಗಳು. ಅವುಗಳ ಮೇಲೆ ಬಿಗಿಯಾಗಿ ಕಟ್ಟಿದ ಬಿಳಿಯ ಮುಂಡು. ಕೆಳಗೆ ಒಕ್ಕಣ್ಣ, ತಣ್ಣಗೆ, ಮದುಮಗನ ಹಾಗೆ. ಗೋಡೆಯ ಪಕ್ಕದ ಒಂದು ಗೇಣು ನೆರಳಿನಲ್ಲಿ ಬಾವಾಕುಂಞಿ ಕುಕ್ಕರುಗಾಲಿನಲ್ಲಿ ಕೂತಿದ್ದರು.

"ಅಲ್ಲಾ, ಬಾಯಮ್ಮ! ತಲೆಗೆ ಒಂದು ಬಟ್ಟೆಯೂ ಇಲ್ಲದೆ ನೀವು ಈ ಹೊತ್ತಿಗೆ ಎಂತಕ್ಕೆ ಬಂದದ್ದು?"

"ಇದೆಂತ ಬಾವಾಕ ಇದು?"

"ಒಕ್ಕಣ್ಣನಿಗೆ ಒಂದು ಮಾಡು." ಮುದುಕನ ಮುಖ ಅರಳಿತು. "ಪಾಪ, ಮುಚ್ಚಲಿಕ್ಕೆ ಅದಕ್ಕೊಂದು ರೆಪ್ಪೆ ಕೂಡ ಇಲ್ಲ. ಬೆಳಿಗ್ಗೆ ನಿಮ್ಮ ಕೆಲಸಕ್ಕೆ ಅಡ್ಡ ಆಗ್ಬಾರ್ದಲ್ಲ, ಅದಕ್ಕೆ ಹನ್ನೊಂದಕ್ಕೆ ಕಟ್ಟುವುದು, ಮೂರೂವರೆಯ ಅಸರಿನ ಬಾಂಗಿಗೆ ಬಿಚ್ಚುವುದು. ಜೂನಿನಿಂದ ಒಂದು ದಿನ ತಪ್ಪಿಸಿಲ್ಲ ನಾನು. ಜ್ವರ ಬಂದಾಗಲೂ ಬಂದಿದ್ದೇನೆ. ಮಗುವಿನ ಹಾಗೆ ನೋಡ್ಕೊಳ್ಳಿ ಅಂತ ನೀವೇ ಹೇಳಿದ್ದಲ್ವಾ?"

ಫೆಲ್ಸಿಗೆ ಕಿರುಚಬೇಕೆನಿಸಿತು. ಆ ಬೆವರಿದ ಮುಖ, ಹೊಗಳಿಕೆಗೆ ಕಾಯುತ್ತಿದ್ದ ಆ ಬೊಚ್ಚುಬಾಯಿ ನೋಡಿದರೆ ಯಾರಿಗೆ ಏನು ಹೇಳಲು ಬಾಯಿ ಬರುತ್ತದೆ? ಅವಳು ಹೋಗಿ ಮುಂಡಿನ ಒಂದು ಬದಿ ಬಿಚ್ಚಿದಳು. ಯಂತ್ರದ ಮೇಲಿನ ಪುಟ್ಟ ಕಿಟಕಿಯಲ್ಲಿ ಎರಡು ಎಂದಿದ್ದ ಅಂಕೆ ಏರುತ್ತಾ ಏರುತ್ತಾ ಒಂಬತ್ತಕ್ಕೆ ಹೋಗಿ ನಿಂತಿತು. ಸೆಪ್ಟೆಂಬರಿನಲ್ಲೇ ಒಂಬತ್ತು. ಮತ್ತೆ ಎಳೆದು ಮುಚ್ಚಿದಳು, ಎರಡು. ಮತ್ತೆ ಬಿಚ್ಚಿದಳು, ಒಂಬತ್ತು. ಜುಲೈಯಲ್ಲಿ ಗಂಡನ ಎದುರು ಕುಲುಕಿದ್ದ ಮಾತ್ರೆ ಡಬ್ಬಿಯ ಸದ್ದು ಕಿವಿಯಲ್ಲೇ ಕೇಳಿಸಿದಂತಾಗಿ, ನಾಚಿಕೆಯಿಂದ ಅವಳಿಗೆ ಅಳು ಬಂತು.

"ಬಿಸಿಲು ಕಣ್ಣಿಗೆ ಹೊಡೀತು ನೋಡಿ. ಕೆಳಗೆ ನಡೀರಿ ನೀವು" ಎಂದರು ಬಾವಾಕುಂಞಿ.

ಮರುದಿನ ಶ್ಯಾಮಸುಂದರ್ ಕೇಳಿಸಿಕೊಂಡು ತಲೆ ಮೇಲೆ ಕೈ ಹೊತ್ತು ಕೂತರು. "ಅಯ್ಯೋ ರಾಮ. ನಾನು ಸೈನ್ ಹಾಕಿದೀನಲ್ರೀ ಅದಕ್ಕೆ."

"ತಪ್ಪಾಯ್ತು ಅಂತ ಬರೀಲಿಕ್ಕೆ ಆಗುದಿಲ್ವಾ ಸರ್? ಇನ್ನೊಂದು ವರದಿ ಕೊಡುವ."

"ಏನಂತ ಬರೆಯೋದು? ಬಟ್ಟೆ ಕಟ್ಟಿದ್ದು ಯಾರು ಅಂತ ಕೇಳ್ತಾರೆ. ಆ ಮುದುಕನಿಗೆ ವೀಸಾ ಕೊಟ್ಟಿರೋ ಕಫೀಲ್ ಸುಮ್ನಿರ್ತಾನಾ? ನಾಳೇನೇ ವಿಮಾನ ಹತ್ತಿಸ್ತಾನೆ." ಆದರೂ ಮನುಷ್ಯ ಒಳ್ಳೆಯವರು. ಯಾರ ಹೆಸರೂ ಹಾಕದೆ 'ಯಂತ್ರದ ಮೇಲೆ ನೆರಳು ಬಿದ್ದಿತ್ತು' ಎಂದು ಬರೆದರು. ಫೆಲ್ಸಿ ಹೆಲ್ವಿಗೂ ಬರೆದಳು, ಗಂಡನ ಕಾಯಿಲೆ ಒಂದು ಬಿಟ್ಟು ಎಲ್ಲವನ್ನೂ. ಹೆಲ್ವಿ ಎರಡೇ ದಿನದಲ್ಲಿ ತನ್ನ ಸಂಸ್ಥೆಯ ಕಾಗದದ ಮೇಲೆ ಬರೆದು ಕಳಿಸಿದಳು: ಈ ಬೇಸಿಗೆಯ ಮಧ್ಯಾಹ್ನದ ಅಂಕೆಗಳೆಲ್ಲ ಅಸಿಂಧು, ಲೆಕ್ಕಕ್ಕೆ ತೆಗೆದುಕೊಳ್ಳಬಾರದು, ನಿಜವಾದ ಅಂಕೆ ಹನ್ನೊಂದು ದಾಟಿರುವುದೇ ಹೆಚ್ಚು ಸಂಭವ. ಆ ಕಾಗದ ಫ್ಯಾಕ್ಸಿನಿಂದ ಇಳಿಯುವಾಗ ಫೆಲ್ಸಿ ಎದುರಿಗೇ ನಿಂತಿದ್ದಳು. ಇಡೀ ಬೇಸಿಗೆಯಲ್ಲಿ ಅವಳು ಮನಸ್ಸು ಬಿಚ್ಚಿ ಉಸಿರಾಡಿದ್ದು ಆವತ್ತೊಂದೇ ದಿನ.

ಶ್ಯಾಮಸುಂದರ್ ಶುಐಬಾಕ್ಕೆ ಹೋಗಿ ಬಂದವರು ನೇರ ಅವಳ ಟೇಬಲ್ಲಿನ ಬಳಿ ಬಂದು ನಿಂತರು. ಕಾರಿನ ಕೀಲಿ ಕೈಯಲ್ಲೇ ತಿರುಗುತ್ತಿತ್ತು.

"ಏನಂದ್ರು ಸರ್?"

"ಮಾತಿಗೇನೂ ಕಮ್ಮಿ ಇರ್ಲಿಲ್ಲ, ಚಹಾನೂ ಕೊಟ್ರು. ಅಂಕೆ ಅಸಿಂಧು ಅಂದ್ರೆ ಅಂಕೆ ಇಲ್ಲ ಅಂತ ತಾನೇ ಅಂದ್ರು. ಅಂಕೆ ಇಲ್ದೇ ಪಾಳಿ ಬದಲಾಯ್ಸೋಕೆ ಬರಲ್ವಂತೆ. ಸಂಭವ ಗಿಂಭವ ಬೇಡ, ಮುಂದಿನ ಬೇಸಿಗೆ ಮತ್ತೆ ಅಳೆದು ಕೊಡಿ ಅಂದ್ರು. ಈ ವರ್ಷಕ್ಕೆ ಖಲಾಸ್."

"ಮುಂದಿನ ಬೇಸಿಗೆಗೆ ಮೆಷಿನ್ ಎಲ್ಲಿ ಉಂಟು ಸರ್?"

ಶ್ಯಾಮಸುಂದರ್ ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಯಂತ್ರ ಅಕ್ಟೋಬರಿನಲ್ಲಿ ವಾಪಸು ಹೋಗಬೇಕೆಂದು ಮೊದಲೇ ಮಾತಾಗಿತ್ತು. ಬರುವ ಮಾರ್ಚಿನಲ್ಲಿ ಅಲ್ಲಿನ ಆಕಾಶದಲ್ಲಿ ಓಝೋನ್ ತೆಳುವಾಗುವ ಹೊತ್ತಿಗೆ ಅದು ಅಲ್ಲಿರಬೇಕಿತ್ತು. ಮೂರು ಎಂದಾಗ ರೇಡಿಯೋಗೆ ಹೇಳಬೇಕಲ್ಲ. ಫೆಲ್ಸಿಗೆ ಹೆಲ್ವಿಯ ಮೇಲೆ ಸಿಟ್ಟು ಬಂತು, ಮರುಕ್ಷಣವೇ ಹೋಯಿತು. ಪಾಪ, ಅವಳು ತನ್ನ ಕೈಲಾದದ್ದನ್ನು ಮಾಡಿದ್ದಳು. ಶ್ಯಾಮಸುಂದರರೂ ಮಾಡಿದ್ದರು. ಬಾವಾಕುಂಞಿಯಂತೂ ಜ್ವರದಲ್ಲೂ ಮಾಡಿದ್ದರು. ಎಲ್ಲರೂ ಒಳ್ಳೆಯವರೇ ಆದರೆ ಬೈಯುವುದಾದರೂ ಯಾರನ್ನು?

ಯಂತ್ರವನ್ನು ಪೆಟ್ಟಿಗೆಗೆ ಹಾಕಿದ ದಿನ ಬಾವಾಕುಂಞಿ ತಮ್ಮದೊಂದು ಹಳೆಯ ಉಣ್ಣೆಯ ಮಫ್ಲರ್ ತಂದರು. "ಅಲ್ಲಿ ಚಳಿ ಅಂತೆ. ಕುತ್ತಿಗೆಗೆ ಸುತ್ತಿ ಕಳಿಸಿ" ಎಂದರು. ಫೆಲ್ಸಿ ಸುತ್ತಿದಳು. ಆಮೇಲೆ ಕೇಳಿದಳು, "ಬಾವಾಕ, ಆ ಮುಂಡು ನನಗೆ ಕೊಡ್ತೀರಾ?"

"ಆ ಹಳೇ ಬಟ್ಟೆ ಎಂತಕ್ಕೆ ಬಾಯಮ್ಮ? ಹೊಸತು ಕೊಡ್ತೇನೆ ಬೇಕಾದ್ರೆ."

"ಬೇಡ. ಅದೇ ಸಾಕು."

ನಡೆದದ್ದನ್ನು ಅವರಿಗೆ ಅವಳು ಹೇಳಲಿಲ್ಲ. ಹೇಳಿ ಯಾರಿಗೆ ಏನಾಗಬೇಕಿತ್ತು? ಅದನ್ನೂ ಹೊಟ್ಟೆಗೆ ಹಾಕಿಕೊಂಡಳು.

ಇಡೀ ಬೇಸಿಗೆ ಅಳೆದು ಖಚಿತವಾಗಿ ಗೊತ್ತಾದ ಸಂಗತಿ ಒಂದೇ. ಬಾವಾಕುಂಞಿಯ ಮುಂಡು ಒಂಬತ್ತನ್ನು ಎರಡು ಮಾಡುತ್ತದೆ. ಫಿನ್ಲೆಂಡಿನ ಯಂತ್ರವೇ ಅದಕ್ಕೆ ಸಾಕ್ಷಿ. ಫೆಲ್ಸಿ ಮುಂಡನ್ನು ಒಗೆದು ಎರಡು ಪದರ ಮಾಡಿ ಕತ್ತರಿಸಿದಳು. ಹೆಲ್ಮೆಟಿನ ಅಂಚಿಗೆ ಸಿಕ್ಕಿಸುವಂತೆ, ಕೆನ್ನೆ ಕಿವಿ ಕುತ್ತಿಗೆ ಮುಚ್ಚುವಂತೆ ಒಂದು ಇಳಿಬಟ್ಟೆ ಹೊಲಿದಳು. ಜೋಕಿಮ್ ಅದನ್ನು ಹಾಕಿಕೊಂಡು ಕನ್ನಡಿಯ ಎದುರು ನಿಂತು, "ಹೇಗೆ, ಶೇಖ್ ಜೋಕಿಮ್?" ಎಂದ. ತುಂಬ ದಿನಗಳ ಮೇಲೆ ಇಬ್ಬರೂ ನಕ್ಕರು. ಜುಲೈಯಲ್ಲಿ ಆಡಿದ ಮಾತಿಗೆ ಅವಳು ಕ್ಷಮೆ ಕೇಳಿದಳು. "ಹೋಗ್ಲಿ ಬಿಡು, ನಿನ್ನ ಮೆಷಿನ್ನಿಗೆ ನೆರಳಾದ್ರೂ ಸಿಕ್ಕಿತಲ್ಲ" ಎಂದು ಅವನು ಬಟ್ಟೆಯನ್ನು ಸರಿಮಾಡಿಕೊಂಡ.

ಮಾರನೆಯ ಸಂಜೆ ಅವನು ಬಂದಾಗ ಇಳಿಬಟ್ಟೆ ತಲೆಯ ಮೇಲಿರಲಿಲ್ಲ. ಬುತ್ತಿಯ ಚೀಲದಲ್ಲಿ ನೀಟಾಗಿ ಮಡಚಿ ಕೂತಿತ್ತು.

"ಗೇಟಲ್ಲೇ ಬಿಚ್ಚಿಸಿದ್ರು. ಜೋತಾಡುವ ಬಟ್ಟೆ ಪ್ಲಾಂಟಿನ ಒಳಗೆ ಇಲ್ವಂತೆ. ಡಾಕ್ಟರ್ ಚೀಟಿ ಇದ್ರೆ ನೋಡುವ ಅಂದ್ರು." ಅವನು ಸ್ಟೂಲಿನ ಮೇಲೆ ಕುಸಿದ. "ಚೀಟಿ ಕೊಟ್ರೆ ಊರಿಗೇ ಟಿಕೆಟು. ಬಿಸಿಲು ಜಾಸ್ತಿ ಅಂದೆ. ಬಿಸಿಲು ಜಾಸ್ತಿ ಅಂತ ಯಾರು ಅಳೆದಿದ್ದಾರೆ ಅಂತ ಕೇಳಿದ್ರು ಫೆಲ್ಸಿ."

ಅವಳು ಅವನ ಕಾಲಬುಡದಲ್ಲಿ ಕೂತು ಬೂಟಿನ ದಾರ ಸಡಿಲಿಸಿ ಎಳೆದಳು. ಬೂಟು ಬರಲಿಲ್ಲ. ಎರಡೂ ಕೈ ಹಾಕಿ ಎಳೆದಾಗ ಬಂತು. ಕಾಲುಚೀಲದ ಅಂಚು ಊದಿದ ಕಣಕಾಲಿನ ಸುತ್ತ ಬಳೆಯ ಹಾಗೆ ಆಳವಾಗಿ ಒತ್ತಿತ್ತು. ಅವಳು ಆ ಗುರುತಿನ ಕೆಳಗೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿ ತೆಗೆದಳು. ಬೆರಳು ಒತ್ತಿದಲ್ಲಿ ಗುಳಿ ಹಾಗೇ ಉಳಿಯಿತು. ಕಾದಳು. ಗುಳಿ ತುಂಬಲಿಲ್ಲ.

"ಎಂತ ನೋಡ್ತಿ? ಬೂಟು ಬಿಗಿ ಅಷ್ಟೆ" ಎಂದ ಜೋಕಿಮ್, ಅವಳ ಮುಖ ನೋಡದೆ.

"ಹೌದು, ಬೂಟು ಬಿಗಿ" ಎಂದಳು ಫೆಲ್ಸಿ. ಬುತ್ತಿ ಚೀಲದಿಂದ ಆ ಬಟ್ಟೆ ತೆಗೆದು, ತಣ್ಣೀರಲ್ಲಿ ಅದ್ದಿ, ಹಿಂಡಿ, ಅವನ ಎರಡು ಕಾಲುಗಳ ಮೇಲೆ ಹೊದೆಸಿದಳು.